ಅವ್ವ ಕಂಡ ಬಿಳಿ ಗುಡಿ

ದೆವ್ವ, ಮೈಮೇಲೆ ಬರುವುದು, ಸತ್ತವರು ಬಂದು ಮಾತಾಡುವುದು, ಇವನ್ನೆಲ್ಲ ನಾನು ನಂಬಿದವನಲ್ಲ. ನಮ್ಮದು ಮುರುಮ ಎಂಬ ಊರಿನ ಅಯ್ಯನವರ, ಅಂದರೆ ಜಂಗಮರ, ಮನೆತನ. ಹೆದರಿದ ಮಕ್ಕಳನ್ನು ಎತ್ತಿಕೊಂಡು ಜನ ನಮ್ಮ ಮನೆಗೇ ಬರುತ್ತಿದ್ದರು, ಅಪ್ಪ ವಿಭೂತಿ ಹಚ್ಚಿ ಕಳಿಸುತ್ತಿದ್ದರು. ಅವರು ಹೊಸ್ತಿಲು ದಾಟಿದ ಮೇಲೆ ನಾನು ನಗುತ್ತಿದ್ದೆ. ಈಗ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ನಿಜಾಮರ ಆಳ್ವಿಕೆಯ ಕಾಲ ಅದು. ನನ್ನ ತಮ್ಮ ಬಸಯ್ಯನಿಗೆ ಸಮುದ್ರ ನೋಡುವ ಹುಚ್ಚು. ನಮ್ಮ ಕಡೆ ನೀರೆಂದರೆ ಬಾವಿ, ಹೆಚ್ಚೆಂದರೆ ಮಳೆಗಾಲದ ಹಳ್ಳ. "ಶಿವರಾತ್ರಿಗೆ ಗೋಕರ್ಣಕ್ಕ ಹೋಗೂಣು ನಡಿ ಅಣ್ಣಾ" ಎಂದು ವರ್ಷವಿಡೀ ನನ್ನ ತಲೆ ತಿಂದ. ಅವ್ವನಿಗೆ ಮನಸ್ಸಿರಲಿಲ್ಲ. ನಾನೇ ಜವಾಬ್ದಾರಿ ಹೊತ್ತು ಒಪ್ಪಿಸಿದೆ. ಸೊಲ್ಲಾಪುರದವರೆಗೆ ಬಂಡಿ, ಹುಬ್ಬಳ್ಳಿಗೆ ರೈಲು, ಅಲ್ಲಿಂದ ಮತ್ತೆ ಬಂಡಿಯಲ್ಲಿ ಘಟ್ಟ ಇಳಿದೆವು.

ಆ ಸೀಮೆ ಚಂದವಿತ್ತು, ಸುಳ್ಳು ಯಾಕೆ ಹೇಳಲಿ. ಗುಡ್ಡಗಳು ನೇರ ನೀರಿನವರೆಗೆ ಬಂದು ನಿಲ್ಲುತ್ತವೆ. ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಹೆಂಗಸರು ಸೊಪ್ಪಿನ ಹೊರೆ ಹೊತ್ತು ಹಾಡುತ್ತ ಹೋಗುತ್ತಾರೆ. ಕೊಯ್ದ ಗದ್ದೆಯಲ್ಲಿ ಗಂಡಸರು ಬಣ್ಣ ಬಳಿದುಕೊಂಡು ಯಕ್ಷಗಾನದ ಆಟ ಕುಣಿಯುತ್ತಾರೆ. ದೋಣಿಯಲ್ಲಿ ಹೊಳೆ ದಾಟುವಾಗ ಬಸಯ್ಯ ನೀರನ್ನು ನಾಲಿಗೆಗೆ ಹಚ್ಚಿಕೊಂಡು, "ಥೂ, ಉಪ್ಪ ಅದ!" ಎಂದು ಕೂಸಿನಂತೆ ನಕ್ಕ.

ನಮ್ಮಲ್ಲಿ ಎಲ್ಲರ ಕೊರಳಲ್ಲೂ ಇಷ್ಟಲಿಂಗ ಇರುತ್ತದೆ. ಉಸಿರಿರುವವರೆಗೆ ಮೈಯಿಂದ ಬೇರೆ ಮಾಡುವಂತಿಲ್ಲ, ಸತ್ತರೆ ಅದರ ಸಮೇತ ಮಣ್ಣು ಕೊಡುತ್ತಾರೆ. ಗೋಕರ್ಣದ ಆಚೆ, ಜನರಿಲ್ಲದ ಒಂದು ದಂಡೆಯಲ್ಲಿ ಬಸಯ್ಯ ನೀರಿಗಿಳಿಯಲು ಹೊರಟ. ತೆರೆಗಳನ್ನು ನೋಡಿ ನನಗೆ ಭಯವಾದದ್ದು ಅವನಿಗಾಗಿ ಅಲ್ಲ, ಲಿಂಗಕ್ಕಾಗಿ. "ದಾರ ಹರಿದು ಹೋದೀತು, ನನ್ನ ಕೈದಾಗ ಕೊಟ್ಟು ಇಳಿ" ಎಂದೆ. ಕೊಟ್ಟ.

ಸ್ವಲ್ಪ ಹೊತ್ತಿಗೆ ದೂರದ ತೆರೆಗಳ ನಡುವೆ, ಮುಳುಗುತ್ತಿದ್ದ ಅವನ ಕೈ ಮೇಲೆದ್ದಿತು. ಲಿಂಗವನ್ನು ನೆಲಕ್ಕಿಡುವಂತಿಲ್ಲ. ಯಾರ ಕೈಗೆ ಕೊಟ್ಟು ಇಳಿಯಲಿ ಎಂದು ಅತ್ತಿತ್ತ ಹುಡುಕಿದೆ, ಯಾರೂ ಇರಲಿಲ್ಲ. ತಿರುಗಿ ನೋಡಿದರೆ ತಮ್ಮನೂ ಇರಲಿಲ್ಲ. ಅದನ್ನು ನನ್ನ ಕೊರಳಿಗೇ ಹಾಕಿಕೊಂಡು ಹಾರಬಹುದಿತ್ತು. ಅದು ನನಗೆ ಹೊಳೆದದ್ದು ಮಾರನೆಯ ದಿನ. ಹೆಣ ಸಿಗಲಿಲ್ಲ.

ಊರಿಗೆ ಬಂದಾಗ ಅವ್ವ ಕೇಳಿದ್ದು ಒಂದೇ ಮಾತು: "ಕೊಳ್ಳಾಗ ಲಿಂಗ ಇತ್ತೇನೋ ಯಪ್ಪಾ?"

"ಇತ್ತವ್ವಾ" ಎಂದೆ.

"ಹಂಗಾದ್ರ ಒಬ್ಬನ ಹೋಗಿಲ್ಲ ಅಂವಾ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಲಿಂಗವನ್ನು ನಾನು ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಿದ್ದೆ.

ಅಂದಿನಿಂದ ದಿನಾ ಆ ಸೀಮೆಯ ಚಂದ ಹೇಳೆಂದು ಅವ್ವ ನನ್ನನ್ನು ಕೂರಿಸಿಕೊಳ್ಳುತ್ತಿದ್ದಳು. ಮಗ ಹೋದ ಜಾಗ ಚೆನ್ನಾಗಿತ್ತು ಎಂಬುದೇ ಅವಳಿಗೆ ಉಳಿದ ಸಮಾಧಾನ. ಗುಡ್ಡ, ತೆಂಗು, ದೋಣಿ ಎಂದು ನಾನು ಹೇಳುತ್ತಿದ್ದೆ. ಒಂದು ಮಧ್ಯಾಹ್ನ ಜೋಳ ಕೇರುತ್ತ ಕೂತವಳು ನನ್ನನ್ನು ಅರ್ಧಕ್ಕೇ ತಡೆದಳು.

"ಗುಡ್ಡದ ಮ್ಯಾಲಿನ ಬಿಳಿ ಗುಡಿ ಯಾಕ ಹೇಳಂಗಿಲ್ಲ ನೀ? ಬಾಜೂಕ ತಲಿ ಮುರದ ತೆಂಗಿನ ಗಿಡ ಅದಲ್ಲ?"

"ಅಲ್ಲಿ ಗುಡಿ ಇರಲಿಲ್ಲವ್ವಾ."

"ಅದ. ನೀ ಅದರ ಕೆಳಗ ನಿಂತಿದ್ದಿ." ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. "ಎಡಗೈ ಮುಚ್ಚಿಕೊಂಡಿದ್ದಿ. ಕೈದಾಗ ಏನಿತ್ತೋ?"

"ಏನೂ ಇರಲಿಲ್ಲ" ಎಂದೆ.

ಅವಳು ಮತ್ತೆ ಮೊರ ಎತ್ತಿಕೊಂಡಳು. ಆ ಮೇಲೆ ಸಮುದ್ರದ ಮಾತೆತ್ತಲಿಲ್ಲ. ನನ್ನೊಡನೆ ಬೇರೆ ಮಾತೂ ಕಡಿಮೆಯಾಯಿತು. ಮುಂದಿನ ಶಿವರಾತ್ರಿಗೆ ಮೊದಲೇ ತೀರಿಕೊಂಡಳು.

ದಿನಕರ್ಮ ಮುಗಿಸಿ, ತಮ್ಮನ ಲಿಂಗವನ್ನು ಅವನಿದ್ದಲ್ಲಿಗೇ ಒಪ್ಪಿಸೋಣವೆಂದು ಒಬ್ಬನೇ ಆ ದಂಡೆಗೆ ಹೋದೆ. ಮರಳಿನ ಮೇಲೆ ನಿಂತು ನೋಡಿದೆ, ಗುಡ್ಡದ ಮೇಲೆ ಏನೂ ಕಾಣಲಿಲ್ಲ. ಮನಸ್ಸು ಹಗುರವಾಯಿತು. ಎದೆಮಟ್ಟ ನೀರಿಗಿಳಿದು ಹಿಂದಿರುಗಿ ನೋಡಿದೆ. ಗುಡ್ಡದ ನೆತ್ತಿಯ ಹಿಂದಿನಿಂದ ಬಿಳಿ ಗುಡಿ ಎದ್ದಿತ್ತು, ಪಕ್ಕದಲ್ಲಿ ತಲೆ ಮುರಿದ ತೆಂಗು. ಅದು ದಂಡೆಯಿಂದ ಕಾಣುವುದಿಲ್ಲ, ಮೀನು ಹಿಡಿಯುವವರು ನೀರಿನಿಂದ ಅದರ ಗುರುತು ಹಿಡಿದೇ ಮನೆಗೆ ಮರಳುತ್ತಾರೆ ಎಂದು ಆಮೇಲೆ ಒಬ್ಬ ಮುದುಕ ಹೇಳಿದ. ಲಿಂಗವನ್ನು ಬಿಡಲು ನನ್ನಿಂದಾಗಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಮೇಲೆ ಬಂದೆ.

ಅವ್ವನಿಗೆ ಹೇಗೆ ತಿಳಿಯಿತೋ ನನಗೆ ಇಂದಿಗೂ ಗೊತ್ತಿಲ್ಲ. ನಿದ್ದೆಯಲ್ಲಿ ಕನವರಿಸಿದ್ದೆನೆಂದರೆ, ನಾನೇ ಕಾಣದ ಗುಡಿಯನ್ನು ಹೇಗೆ ಕನವರಿಸಲಿ? ಅಂದು ಆ ದಂಡೆಗೆ ಹೋದ ನಮ್ಮಿಬ್ಬರಲ್ಲಿ ಅದನ್ನು ಕಂಡಿರಬಹುದಾದವನು ಬಸಯ್ಯನೊಬ್ಬನೇ. ಮುರಿದ ತೆಂಗಿನ ತಲೆಯೂ ಕಾಣುವಷ್ಟು, ಮುಚ್ಚಿದ ನನ್ನ ಕೈಯೂ ಕಾಣುವಷ್ಟು ಹೊತ್ತು ಅವನು ನೀರಿನಲ್ಲಿ ತೇಲುತ್ತ ನನ್ನ ಕಡೆಗೇ ನೋಡುತ್ತಿದ್ದ.