ಬಚ್ಚಲ ಗೋಡೆಯ ಎರಡು ಗೂಡು

ಬ್ಯಾಡಗಿಯ ಕರೆವ್ವನ ಮನೆಯಲ್ಲಿ ಹೆಂಗಸರ ಕೂದಲು ಕಸಕ್ಕೆ ಹೋಗುತ್ತಿರಲಿಲ್ಲ. ತಲೆ ಬಾಚಿದ ಮೇಲೆ ಹಣಿಗೆಗೆ ಬಂದದ್ದನ್ನು ಬೆರಳಿಗೆ ಸುತ್ತಿ, ಉಂಡೆ ಮಾಡಿ, ಬಚ್ಚಲ ಗೋಡೆಯ ಗೂಡಿನಲ್ಲಿ ತುರುಕಿ ಇಡಬೇಕು. ಹಾವೇರಿಯಿಂದ ಕೂದಲು ಕೊಳ್ಳುವ ಬಿಬಿಜಾನ್ ಬಂದಾಗ ಅದನ್ನು ಕೊಟ್ಟು ಸ್ಟೀಲಿನ ಬಟ್ಟಲನ್ನೋ ಚಮಚವನ್ನೋ ತೆಗೆದುಕೊಳ್ಳಬೇಕು. ಗೂಡು ಎರಡಿದ್ದವು. ಎಡಗಡೆಯದು ಹಿರಿಸೊಸೆ ಹೊಳಿಯವ್ವನದು, ಬಲಗಡೆಯದು ಕಿರಿಸೊಸೆ ಸ್ನೇಹಾಳದು. ಕರೆವ್ವನ ತಲೆಯಲ್ಲಿ ಗೂಡು ಬೇಡುವಷ್ಟು ಕೂದಲು ಉಳಿದಿರಲಿಲ್ಲ.

ಹೊಳಿಯವ್ವ ನೆಗೆಣ್ಣಿ ಸ್ನೇಹಾಳ ಗೂಡಿಗೆ ಕೈ ಹಾಕಿದ್ದು ಬಟ್ಟಲಿನ ಆಸೆಗಲ್ಲ. ಅದು ಅವಳ ಹೆರಳಿನ ಕಥೆ.

ಅಗಡಿಯಿಂದ ಮದುವೆಯಾಗಿ ಬಂದಾಗ ಅವಳ ಹೆರಳು ಸೊಂಟ ದಾಟುತ್ತಿತ್ತು. ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಗಂಡ ಅಂದಾನೆಪ್ಪ ಅದರ ಬಗ್ಗೆ ಒಂದು ಮಾತೂ ಆಡಿದವನಲ್ಲ. ಆಡಿದವಳು ಅತ್ತೆ. ಪ್ರತಿ ಗುರುವಾರ ಸಂಜೆ, ದೀಪ ಹಚ್ಚುವ ಮೊದಲು, ಕರೆವ್ವ ಕಟ್ಟೆಯ ಮೇಲೆ ಕೂತು ಸೊಸೆಯನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಬೆಚ್ಚಗಿನ ಎಣ್ಣೆಯನ್ನು ನೆತ್ತಿಗೆ ತಿಕ್ಕಿ, ಎಳೆ ಬಿಡಿಸಿ, ಹೆರಳು ಹಾಕುತ್ತಿದ್ದಳು. ಹಾದಿಯಲ್ಲಿ ಹೋಗುವವರನ್ನು ಕರೆದು ತೋರಿಸುತ್ತಿದ್ದಳು.

"ನೋಡ್ರವ್ವಾ, ಬಂಗಾರ ಕಡಿಮಿ ತಂದಾಳ, ಹೆಳಲ ಮಾತ್ರ ಮನಿ ತುಂಬ ತಂದಾಳ."

ಆ ಮಾತು ಚುಚ್ಚುತ್ತಿತ್ತು. ಆದರೆ ಬೆರಳು ಚುಚ್ಚುತ್ತಿರಲಿಲ್ಲ. ಆ ಮನೆಯಲ್ಲಿ ಹೊಳಿಯವ್ವನನ್ನು ಯಾರಾದರೂ ಪ್ರೀತಿಯಿಂದ ಮುಟ್ಟುತ್ತಿದ್ದರೆ ಅದು ಆ ಹೊತ್ತಿನಲ್ಲಿ ಮಾತ್ರ.

ಎರಡನೆಯ ಮಗುವಿನ ಬಾಣಂತನ ಮುಗಿಯುವಷ್ಟರಲ್ಲಿ ವಿಷಮಜ್ವರ ಬಂತು. ಜ್ವರ ಹೋಯಿತು, ಕೂದಲು ಉದುರುವುದು ಹೋಗಲಿಲ್ಲ. ಹೊಲದ ಬದುವಿನಷ್ಟು ಸಣ್ಣಗಿದ್ದ ಬೈತಲೆ ವರ್ಷ ಕಳೆದಂತೆ ಬಂಡಿಹಾದಿಯಾಯಿತು. ನೆತ್ತಿಯನ್ನು ಅತ್ತೆ ನೋಡಬಾರದೆಂದು ಅವಳು ಗುರುವಾರದ ಎಣ್ಣೆಗೆ ನೆವ ಹೇಳತೊಡಗಿದಳು. "ಕೆಲಸ ಐತ್ರಿ ಅತ್ತಿ." "ನಾನ ಹಚ್ಕೊಂಡೇನ್ರಿ." ಕರೆವ್ವ ಕೆಲವು ವಾರ ಬಟ್ಟಲು ಹಿಡಿದು ಕಾದಳು. ಆಮೇಲೆ, "ದೊಡ್ಡಾಕಿ ಆದ್ಲು, ನನ್ನ ಕೈ ಯಾಕ ಬೇಕು ಈಗ" ಎಂದು ಬಟ್ಟಲನ್ನು ಒಳಗಿಟ್ಟುಬಿಟ್ಟಳು.

ಹೊಳಿಯವ್ವ ಬೈತಲೆಯ ಎರಡೂ ಬದಿಗೆ ಕಾಡಿಗೆ ತಿಕ್ಕಿಕೊಳ್ಳುತ್ತಿದ್ದಳು. ಸಂತೆಯಲ್ಲಿ ಸಿಗುವ ನೈಲಾನಿನ ಚೌರಿಯನ್ನು ತನ್ನ ಕೂದಲಿನ ಜೊತೆ ಹೆಣೆದು, ಜಾರದಂತೆ ಬಿಗಿಯಾಗಿ ಕಟ್ಟುತ್ತಿದ್ದಳು. ಮೇಲೆ ಸೆರಗು. ಮನೆಯಲ್ಲಿ, ಬೀದಿಯಲ್ಲಿ, ಗುಡಿಯಲ್ಲಿ ಸೆರಗು ಜಾರಿದ್ದನ್ನು ಕಂಡವರಿಲ್ಲ. ಓಣಿಯ ಹಿರಿಯರು ತಮ್ಮ ಸೊಸೆಯರಿಗೆ ಅವಳನ್ನು ತೋರಿಸಿ, "ಮರ್ಯಾದಿ ಅಂದ್ರ ಹಂಗಿರಬೇಕು" ಎನ್ನುತ್ತಿದ್ದರು. ಆ ಹೊಗಳಿಕೆ ಕೇಳಿದ ದಿನ ದೇವರ ಮುಂದೆ ಕೈ ಮುಗಿದು ನಿಲ್ಲಲು ಅವಳಿಗೆ ಮುಜುಗರವಾಗುತ್ತಿತ್ತು.

ಸುಗ್ಗಿಯಲ್ಲಿ ಅವಳು ಗೋದಾಮಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಸೆಕೆಗೆ ಬೆವರು ಇಳಿಯಿತು, ಬೆವರಿನ ಜೊತೆ ಕಾಡಿಗೆಯೂ ಇಳಿಯಿತು. ಎದುರಿಗೆ ಕೂತಿದ್ದ ದ್ಯಾಮವ್ವ ಕಣ್ಣು ಅರಳಿಸಿದಳು.

"ಏನ ಹೊಳಿಯವ್ವಾ, ಮಳಿ ಇಲ್ಲದ ಹಣಿ ಮ್ಯಾಗ ಕರೇ ಹಳ್ಳ ಹರಿಯಾಕತ್ತೈತಿ!"

ಗೋದಾಮಿಗೆ ಗೋದಾಮೇ ನಕ್ಕಿತು. ಆ ವಾರವೇ ಹೊಳಿಯವ್ವ, ಚಿಕ್ಕವ್ವನನ್ನು ನೋಡಿ ಬರುತ್ತೇನೆಂದು ಸುಳ್ಳು ಹೇಳಿ ರಾಣೆಬೆನ್ನೂರಿನ ಬಸ್ಸು ಹತ್ತಿದಳು. ಹೋದದ್ದು ಚರ್ಮದ ಡಾಕ್ಟರ ಬಳಿಗೆ.

ಆ ದವಾಖಾನೆಯಲ್ಲಿ ಗದ್ದಲ ಹೆಚ್ಚು. ಹೀಗಾಗಿ ಮೂವರನ್ನು ಒಟ್ಟಿಗೇ ಒಳಗೆ ಕರೆದು ಬೆಂಚಿನ ಮೇಲೆ ಕೂರಿಸುತ್ತಿದ್ದರು. ಒಬ್ಬರ ಬೇನೆ ಇನ್ನೊಬ್ಬರಿಗೆ ಕೇಳಿಸುತ್ತಿತ್ತು. ಮೊದಲನೆಯವನು ಮದುವೆ ಗೊತ್ತಾಗಿದ್ದ ಹುಡುಗ.

"ಸಾಹೇಬ್ರ, ತಲಿ ಬೋಳಿಸಿದ್ರ ದಟ್ಟಗ ಬರತಾವಂತಲ್ರಿ?"

"ಬೇರು ಒಳಗೈತೆಪ್ಪಾ, ಕತ್ತಿ ಆಡೂದು ಹೊರಗ. ಬೋಳಿಸಿದ ಕೂದಲ ಮೊಂಡ ಇರತಾವ, ಅದಕ್ಕ ದಪ್ಪ ಕಾಣತಾವ."

"ಮತ್ತ ಬೋರಿನ ನೀರ್ರಿ?"

"ನೀರಿಗೆ ಹೋಗೂದಾಗಿದ್ರ ಈ ಊರಾಗ ಯಾರ ತಲ್ಯಾಗೂ ಒಂದ ಎಳಿ ಇರತಿರಲಿಲ್ಲ."

ಎರಡನೆಯವಳು ಮೊಲೆಯುಣಿಸುವ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. ಹಿಡಿ ಹಿಡಿ ಬರುತ್ತಿದೆ ಎಂದಳು. ಡಾಕ್ಟರು ಅವಳ ಹಣೆಯಂಚು ನೋಡಿ, "ಹಡೆದ ಮ್ಯಾಲೆ ಹಿಂಗ ಉದುರತಾವ ತಂಗಿ. ಇಕಾ, ಸಣ್ಣವು ಹೊಸಾವು ಹುಟ್ಟಾಕತ್ತಾವ. ಏನೂ ಹಚ್ಚಬ್ಯಾಡ, ಬಿಗಿದು ಕಟ್ಟಬ್ಯಾಡ. ಚಲೋ ಉಣ್ಣು, ವರ್ಷದೊಳಗ ತಾವ ಬರತಾವ" ಎಂದು ಕಳುಹಿಸಿಬಿಟ್ಟರು.

ಹೊಳಿಯವ್ವನ ಸರದಿ ಬಂದಾಗ ಅಷ್ಟು ಸುಲಭವಾಗಲಿಲ್ಲ. "ನಿಮ್ಮದು ಬೈತಲಿ ಅಗಲಾಗೂ ನಮೂನಿ. ನಿಮ್ಮವ್ವಗೂ ಹಿಂಗ ಇತ್ತೇನು?" ಎಂದು ಕೇಳಿದರು. ಅವ್ವನ ಸೆರಗೂ ಎಂದೂ ಜಾರುತ್ತಿರಲಿಲ್ಲ ಎಂಬುದು ಅವಳಿಗೆ ಆಗಲೇ ಹೊಳೆದದ್ದು. ರಕ್ತ ಕಡಿಮೆ ಇದೆ ಎಂದು ಗುಳಿಗೆ ಬರೆದರು. ದಿನಾ ನೆತ್ತಿಗೆ ಹಚ್ಚುವ ಔಷಧ ಕೊಟ್ಟರು. "ಮೊದಲಿಗೆ ಇನ್ನೂ ಉದುರತಾವ, ಹೆದರಬ್ಯಾಡ್ರಿ. ತಿಂಗಳಾನಗಟ್ಲೆ ಹಚ್ಚಬೇಕು, ಬಿಟ್ರ ಬಂದದ್ದೂ ಹೋಗತೈತಿ. ಹಳೇದರಂಗ ಆಗತೈತಿ ಅಂತ ನಾ ಹೇಳೂದಿಲ್ಲ. ಮತ್ತ ಈ ಚೌರಿ ಬಿಗಿಯೂದು ಬಿಡ್ರಿ. ಇದ್ದದ್ದನ್ನೂ ಜಗ್ಗಿ ಕೀಳತೈತಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳ ತಲೆಯಲ್ಲಿ ಇದ್ದದ್ದು ತನ್ನ ಔಷಧವಲ್ಲ, ಆ ಬಾಣಂತಿ. ಅವಳಿಗೆ ತಾವೇ ಬರುತ್ತವೆ. ಬೆಂಚಿನ ಮೇಲೆ ಮೊಳಕೈಗೆ ಮೊಳಕೈ ತಾಗುವಂತೆ ಕೂತಿದ್ದರೂ ದೇವರು ಇಬ್ಬರ ನಡುವೆ ಗೆರೆ ಎಳೆದಿದ್ದ.

ಔಷಧ ಹಚ್ಚಿದ ಕೆಲವೇ ವಾರಕ್ಕೆ ಹಣಿಗೆಗೆ ಹೆಚ್ಚು ಕೂದಲು ಬಂದವು. ಡಾಕ್ಟರು ಹೇಳಿದ್ದು ನೆನಪಿತ್ತು, ಆದರೆ ಭಯ ಆ ನೆನಪಿಗಿಂತ ದೊಡ್ಡದಾಗಿತ್ತು. ಸೀಸೆಯನ್ನು ಹಿತ್ತಲ ಗೋಡೆಯಾಚೆ ಒಗೆದಳು. ಚೌರಿಯನ್ನು ಮತ್ತೆ ಬಿಗಿದಳು.

ಆ ವರ್ಷವೇ ಮೈದುನ ಸಿದ್ದಲಿಂಗೇಶನ ಮದುವೆಯಾಯಿತು. ಅವನಿಗೆ ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಕೆಲಸ, ಹುಡುಗಿಯೂ ಅದೇ ಊರಿನವಳು. ಸ್ನೇಹಾಳನ್ನು ಮನೆ ತುಂಬಿಸಿಕೊಂಡ ಮುಂದಿನ ಗುರುವಾರ ಕರೆವ್ವ ಎಣ್ಣೆಯ ಬಟ್ಟಲನ್ನು ಹೊರಗೆ ತೆಗೆದಳು.

ಹೊಳಿಯವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಅದೇ ಕಟ್ಟೆ, ಅದೇ ಮೆಟ್ಟಿಲು. ಸ್ನೇಹಾಳ ಕೂದಲು ಬಿಚ್ಚಿದರೆ ಮೆಟ್ಟಿಲ ಕಲ್ಲು ಕಾಣಿಸುತ್ತಿರಲಿಲ್ಲ. ತುದಿಯಲ್ಲಿ ಸ್ವಲ್ಪ ಸುರುಳಿ, ಬಿಸಿಲಿಗೆ ಕಂದು ಹೊಳಪು. ಕರೆವ್ವ ಹಾದಿಯವರನ್ನು ಕರೆದು ತೋರಿಸಿದಳು. ಬಂಗಾರದ ಮಾತು ಈ ಸಲ ಬರಲಿಲ್ಲ. ಬಂಗಾರವನ್ನೂ ತಂದಿದ್ದಳಲ್ಲ. ಹೊಳಿಯವ್ವನ ಒಲೆಯ ಮೇಲೆ ಪಲ್ಯ ತಳ ಹಿಡಿಯಿತು.

ಅಂದಿನಿಂದ ಅವಳು ಎಲ್ಲವನ್ನೂ ಅಳೆಯತೊಡಗಿದಳು. ಅತ್ತೆ ಸ್ನೇಹಾಳ ತಲೆಯ ಮೇಲೆ ಎಷ್ಟು ಹೊತ್ತು ಕೈ ಇಟ್ಟಳು, ಹೂವಿನ ಮಾರಿನಲ್ಲಿ ಯಾರಿಗೆ ಉದ್ದದ ತುಂಡು ಸಿಕ್ಕಿತು. ಸ್ನೇಹಾ ಕೆಟ್ಟವಳಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು, "ಅಕ್ಕಾ, ನೀವು ಕುಂದ್ರಿ, ನಾ ರೊಟ್ಟಿ ಬಡೀತೇನಿ" ಎನ್ನುವವಳು. ಹೊಟ್ಟೆಕಿಚ್ಚಿಗೆ ಅದರಿಂದ ಇನ್ನಷ್ಟು ಎಣ್ಣೆ ಬೀಳುತ್ತಿತ್ತು.

ಒಂದು ದಿನ ಬಚ್ಚಲು ತೊಳೆಯುವಾಗ ಬಲಗಡೆಯ ಗೂಡಿನಿಂದ ಒಂದು ಉಂಡೆ ತೆಗೆದು ಬಿಚ್ಚಿ ನೋಡಿದಳು. ಉದುರಿದ ಕೂದಲೂ ಇವಳದು ಎಷ್ಟು ಉದ್ದ! ಅದನ್ನು ತಿರುಗಿ ಇಡಲಿಲ್ಲ. ವಾರಕ್ಕೊಂದಿಷ್ಟು ತೆಗೆಯುತ್ತ ಅಕ್ಕಿಯ ಡಬ್ಬಿಯ ಹಿಂದೆ ಕೂಡಿಹಾಕಿದಳು. ಕೂಡಿದ್ದನ್ನು ಬಿಬಿಜಾನಳ ಕೈಗಿಟ್ಟು, ಒಂದು ಚೌರಿ ಕಟ್ಟಿಕೊಡು ಎಂದಳು.

ಬಿಬಿಜಾನ್ ಕೂದಲನ್ನು ಬೆಳಕಿಗೆ ಹಿಡಿದಳು. "ಇದು ನಿಂದಲ್ಲವ್ವಾ. ನಿನ್ನ ಕೂದಲಾ ನಾ ಎಷ್ಟ ವರ್ಷದಿಂದ ಒಯ್ಯಾಕತ್ತೇನಿ, ನನಗ ಗೊತ್ತಿಲ್ಲೇನ?"

"ಕಟ್ಟತೀಯೋ ಇಲ್ಲೋ, ಅಷ್ಟ ಹೇಳ."

"ಕಟ್ಟತೇನಿ, ಕಟ್ಟತೇನಿ. ಎಲ್ಲಾ ನೋಡಾಂವ ಮ್ಯಾಲದಾನ. ನಾ ಒಬ್ಬಾಕಿ ನೋಡದಿದ್ರ ಏನಾತು?"

ಚೌರಿ ಬಂತು. ನೈಲಾನಿನಂತೆ ಮಿಂಚುತ್ತಿರಲಿಲ್ಲ, ಬೆನ್ನ ಮೇಲೆ ಜೀವವಿದ್ದಂತೆ ಆಡುತ್ತಿತ್ತು. ಸ್ನೇಹಾ ಮೆಚ್ಚಿ, "ಅಕ್ಕಾ, ನಿಮ್ಮ ಹೆಳಲ ನನ್ನದಕಿಂತ ಚಂದ ಆಗೈತಿ ನೋಡ್ರಿ" ಎಂದಳು. ಹೊಳಿಯವ್ವ ಒಳಗೆ ಹೋಗಿ ಮುಖ ತೊಳೆದುಕೊಂಡಳು.

ಸ್ನೇಹಾ ಹೆರಿಗೆಗೆ ತವರಿಗೆ ಹೋದಳು. ಹೆಣ್ಣುಮಗುವನ್ನು ಎತ್ತಿಕೊಂಡು ತಿರುಗಿ ಬಂದಾಗ ಹೊಸ ಮೆಣಸಿನಕಾಯಿ ಪೇಟೆಗೆ ಬರತೊಡಗಿತ್ತು. ಬಂದ ಕೆಲವೇ ದಿನಗಳಲ್ಲಿ ಬಲಗಡೆಯ ಗೂಡು ತುಂಬಿತು. ಮುಷ್ಟಿ ಮುಷ್ಟಿ ಉಂಡೆಗಳು. ತುಂಬಿ ಕೆಳಗೆ ಬಿದ್ದವು. ಕದಿಯುವವಳಿಗಲ್ಲದೆ ಬೇರೆ ಯಾರಿಗೂ ಅದು ಕಾಣಲಿಲ್ಲ.

ಹೊಳಿಯವ್ವನಿಗೆ ಆದದ್ದು ಸಂತೋಷ. ಅದನ್ನು ಬೇರೆ ಹೆಸರಿನಿಂದ ಕರೆಯುವುದು ಸುಳ್ಳಾಗುತ್ತದೆ. ಅಂದು ಸಂಜೆ ದೇವರಿಗೆ ಬತ್ತಿ ದೊಡ್ಡದು ಮಾಡಿ ದೀಪ ಹಚ್ಚಿದಳು. ಹಚ್ಚಿದ ಮೇಲೆ ಏನು ಬೇಡಿಕೊಳ್ಳಬೇಕೆಂದು ತಿಳಿಯದೆ ಸುಮ್ಮನೆ ಎದ್ದು ಬಂದಳು.

ಹಾವೇರಿಯಲ್ಲಿ ಸಂಬಂಧಿಕರ ಮದುವೆ ಬಂತು. ಕರೆವ್ವ ಮೊಮ್ಮಗಳನ್ನೂ ಸೊಸೆಯನ್ನೂ ಎಲ್ಲರಿಗೂ ತೋರಿಸುವ ಉಮೇದಿನಲ್ಲಿದ್ದಳು. ಹಿಂದಿನ ದಿನ ಗುರುವಾರ. ಇಳಿಹೊತ್ತಿಗೆ ಹೊಳಿಯವ್ವ ಗೋದಾಮಿನಿಂದ ಬರುತ್ತಲೇ ಸ್ನೇಹಾ ಅವಳನ್ನು ಒಳಕೋಣೆಗೆ ಎಳೆದುಕೊಂಡು ಹೋದಳು. ಕಣ್ಣು ಊದಿದ್ದವು.

"ಅಕ್ಕಾ, ನನ್ನ ಕೂದಲಾ ಎಲ್ಲಾ ಹೊಂಟಾವ್ರಿ. ಅತ್ತಿಗೆ ತೋರಸಾಕ ಮಾರಿ ಇಲ್ಲ. ಇವತ್ತ ಎಣ್ಣಿಗೂ ಒಲ್ಲೆ ಅಂದೆ. ನಿಮ್ಮ ಹಂತ್ಯಾಕ ಚೌರಿ ಐತಂತ ನನಗ ಗೊತ್ತೈತ್ರಿ. ನಾಳಿಗೆ ಒಂದ ದಿನ ಕೊಡ್ರಿ, ನೀವ ಕಟ್ರಿ."

ಮೆಣಸಿನಕಾಯಿ ಮುಟ್ಟಿದ ಕೈಯನ್ನು ಎಣ್ಣೆ, ಕಡಲೆಹಿಟ್ಟು ಹಚ್ಚಿ ತಿಕ್ಕಿ ತೊಳೆಯದೆ ಯಾರ ತಲೆಯನ್ನೂ ಮುಟ್ಟಬಾರದು ಎಂಬುದು ಆ ಮನೆಯ ಕಟ್ಟಳೆ. ಹೊಳಿಯವ್ವ ಬಚ್ಚಲಲ್ಲಿ ನಿಂತು ಒಂದು ಕ್ಷಣ ತನ್ನ ಕೆಂಪು ಬೆರಳುಗಳನ್ನು ನೋಡಿಕೊಂಡಳು. ಹಾಗೆಯೇ ಹೋದರೆ? ಮರುಕ್ಷಣ ತನಗೇ ಹೆದರಿ, ಚರ್ಮ ಸುಲಿಯುವಷ್ಟು ತಿಕ್ಕಿ ತೊಳೆದಳು. ತನ್ನ ಹೆರಳಿನಿಂದ ಚೌರಿ ಬಿಚ್ಚಿಕೊಂಡು ಬಂದು ಸ್ನೇಹಾಳ ಹಿಂದೆ ಕೂತಳು.

ಸ್ನೇಹಾಳ ತಲೆಯನ್ನು ಅವಳು ಮುಟ್ಟಿದ್ದು ಅದೇ ಮೊದಲು. ಮುಂದಿನ ಕೂದಲನ್ನು ಹಿಂದಕ್ಕೆ ಎಳೆದಾಗ ಹಣೆಯಂಚಿನಲ್ಲಿ ಸಣ್ಣ ಸಣ್ಣ ಎಳೆಗಳು ನೆಟ್ಟಗೆ ನಿಂತವು. ಬಿತ್ತಿದ ಹೊಲದಲ್ಲಿ ಮೊಳಕೆ ಕಂಡಂತೆ. ಡಾಕ್ಟರು ಬೆರಳಿಟ್ಟು ತೋರಿಸಿದ್ದವೂ ಇಂಥವೇ. ಇವಳಿಗೂ ತಾವೇ ಬರುತ್ತವೆ. ಇವಳಿಗೆ ಗೊತ್ತಿಲ್ಲ. ಗೊತ್ತಿರುವುದು ತನಗೊಬ್ಬಳಿಗೆ.

ಹೇಳದೆ ಇದ್ದರೆ ಇವಳು ಹೆದರಿಕೆಗೆ ದಿನಾ ಚೌರಿ ಬಿಗಿಯುತ್ತಾಳೆ. ಕಾಡಿಗೆ ಹಚ್ಚುತ್ತಾಳೆ. ಸೆರಗು ಹೊದೆಯುತ್ತಾಳೆ. ಕಟ್ಟೆಯ ಕೆಳಗಿನ ಮೆಟ್ಟಿಲು ಖಾಲಿಯಾಗುತ್ತದೆ.

"ಇನ್ನೂ ಬಿಗಿ ಕಟ್ರಿ ಅಕ್ಕಾ, ಜಾರಬಾರದು."

ಹೊಳಿಯವ್ವ ಬಿಗಿದಳು. ಹೊಸ ಎಳೆಗಳ ಬುಡದ ಚರ್ಮ ಬೆಳ್ಳಗಾಯಿತು. ಸ್ನೇಹಾ ನೋವಿಗೆ "ಸ್" ಎಂದಳು, ಆದರೆ ಬೇಡ ಎನ್ನಲಿಲ್ಲ. ಆ "ಸ್" ಎನ್ನುವ ದನಿ ಹೊಳಿಯವ್ವನಿಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ತಾನು ತೆಗೆಯುತ್ತಿದ್ದ ದನಿ.

ಗಂಟು ಬಿಚ್ಚಿ, ಚೌರಿಯನ್ನು ಹಾಸಿಗೆಯ ಮೇಲೆ ಒಗೆದಳು.

"ಬ್ಯಾಡ. ಇದನ್ನ ಕಟ್ಟಬ್ಯಾಡ. ಹಡೆದಾಕಿಗೆ ಉದುರತಾವ, ತಾವ ಬರತಾವ. ಬರಾಕತ್ತಾವ, ಇಲ್ಲಿ ಕೈ ಇಟ್ಟ ನೋಡ."

"ಸುಳ್ಳ ಸಮಾಧಾನ ಮಾಡಬ್ಯಾಡ್ರಿ. ನಿಮಗೆಂಗ ಗೊತ್ತು?"

ಬೇರೆ ದಾರಿ ಇರಲಿಲ್ಲ. ಹೊಳಿಯವ್ವ ಸೆರಗು ತೆಗೆದಳು, ತಲೆ ಬಗ್ಗಿಸಿದಳು. "ನನಗ ಡಾಕ್ಟರ ಹೇಳ್ಯಾರ. ನಿನ್ನಂಥಾಕಿಗೆ ಹೇಳಿದ್ದನ್ನೂ ಕೇಳೇನಿ. ಬಿಗಿದು ಬಿಗಿದು ನಂದ ಹಿಂಗಾತು. ನೋಡ."

ಸ್ನೇಹಾ ನೋಡುತ್ತಿರುವಾಗಲೇ, ಮಗು ಅಳುವುದನ್ನು ಕೇಳಿ ಕರೆವ್ವ ಒಳಗೆ ಬಂದಳು. ಹಿರಿಸೊಸೆಯ ಬರಿದಾದ ನೆತ್ತಿಯನ್ನು ಕಂಡಳು. ಹಾಸಿಗೆಯ ಮೇಲಿದ್ದ ಚೌರಿಯನ್ನು ಎತ್ತಿಕೊಂಡು ಬೆರಳುಗಳ ನಡುವೆ ಸವರಿದಳು, ತುದಿಯ ಸುರುಳಿಯನ್ನು ಎಳೆದು ಬಿಟ್ಟಳು.

"ಇದು ನಾ ಎಣ್ಣಿ ಹಚ್ಚಿದ ಕೂದಲಾ. ಸ್ನೇಹಾಂದು."

ಹೊಳಿಯವ್ವನಿಗೆ ನೆಲ ಬಿಟ್ಟು ಬೇರೆ ಕಡೆ ನೋಡಲಾಗಲಿಲ್ಲ. ಸ್ನೇಹಾ ಚೌರಿಯನ್ನೂ ಅಕ್ಕನನ್ನೂ ನೋಡಿದಳು. ಅವಳ ಮುಖ ಕೆಂಪಾಯಿತು.

"ನನ್ನ ಗೂಡಿಂದ ಕದ್ರೇನ್ರಿ? ಬಿಬಿಜಾನಗ ಹಾಕಿದ್ರ ನಾಕ ಬಟ್ಟಲಾ ಬರತಿದ್ವಲ್ರೀ ಅಕ್ಕಾ!" ಎಂದವಳು, ಮತ್ತೆ ಚೌರಿಯತ್ತ ನೋಡಿ, "ಅಂದ್ರ ನಾ ನನ್ನ ಕೂದಲಾನ ಬೇಡಿ ಇಸ್ಕೊಳ್ಳಾಕತ್ತಿದ್ನೇನ್ರಿ?" ಎಂದಳು. ಅಳುವೋ ನಗುವೋ, ಎರಡೂ ಒಟ್ಟಿಗೆ ಬಂದವು.

ಕರೆವ್ವ ನಗಲಿಲ್ಲ. "ಇಷ್ಟ ವರ್ಷ ನನ್ನ ಮುಂದ ಯಾಕ ಕೂಡ್ಲಿಲ್ಲ ನೀ?"

"ನೆತ್ತಿ ಕಾಣತಿತ್ರಿ ಅತ್ತಿ."

"ನಂದ ಕಾಣೂದಿಲ್ಲೇನ?" ಕರೆವ್ವ ತನ್ನ ಸೆರಗನ್ನು ಹಿಂದಕ್ಕೆ ತಳ್ಳಿ ನುಣ್ಣಗಾದ ತಲೆಯನ್ನು ತಟ್ಟಿದಳು. "ಸೊಕ್ಕ ಬಂದೈತಿ ಅನಕೊಂಡಿದ್ದೆ ನಾ. ಹೋಗು, ಎಣ್ಣಿ ಬಟ್ಟಲಾ ತಗೊಂಡ ಬಾ. ದೀಪ ಹಚ್ಚೂ ಹೊತ್ತಾಗತೈತಿ."

ಆ ಮಾತಿಗೆ ಈಗ ವರ್ಷ ಕಳೆಯಿತು. ಸ್ನೇಹಾಳ ಕೂದಲು ಡಾಕ್ಟರು ಹೇಳಿದಂತೆ ತಾವೇ ಬಂದವು. ಹೊಳಿಯವ್ವನನ್ನು ಸ್ನೇಹಾಳೇ ರಾಣೆಬೆನ್ನೂರಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಈ ಸಲ ಸೀಸೆಯನ್ನು ಗೋಡೆಯಾಚೆ ಒಗೆಯದಂತೆ ಕಾವಲೂ ಅವಳೇ. ಬೈತಲೆಯ ಬಂಡಿಹಾದಿ ಮತ್ತೆ ಬದುವಾಗಲಿಲ್ಲ, ಕಾಲುದಾರಿಯಷ್ಟಾಗಿದೆ. ಚೌರಿಯನ್ನು ಬಿಬಿಜಾನಳಿಗೆ ತಿರುಗಿ ಕೊಟ್ಟು ಒಂದು ಸ್ಟೀಲಿನ ಡಬರಿ ಪಾತ್ರೆ ತೆಗೆದುಕೊಂಡರು. ಅದು ಯಾರದೆಂದು ಇನ್ನೂ ಜಗಳ ಮುಗಿದಿಲ್ಲ.

ಹೊಟ್ಟೆಕಿಚ್ಚು ಹೋಯಿತು ಎಂದರೆ ಹೊಳಿಯವ್ವನೇ ನಂಬುವುದಿಲ್ಲ. ಗುರುವಾರ ಸಂಜೆ ಹಿರಿಯಳೆಂಬ ಹಕ್ಕಿನಿಂದ ಮೊದಲು ಅವಳೇ ಮೆಟ್ಟಿಲಲ್ಲಿ ಕೂಡುತ್ತಾಳೆ. ಕಣ್ಣು ಮುಚ್ಚಿ, ಅತ್ತೆಯ ಬೆರಳು ನೆತ್ತಿಯ ಮೇಲೆ ಆಡುವಷ್ಟು ಹೊತ್ತು ಒಂದೂ ಮಾತಾಡುವುದಿಲ್ಲ. ಆಮೇಲೆ ಸ್ನೇಹಾ ಬಂದು ಕೂತು ಕೂದಲು ಬಿಚ್ಚಿದಾಗ ಎದ್ದು ಹೋಗುವುದೂ ಇಲ್ಲ. ಪಕ್ಕದಲ್ಲೇ ನಿಂತು ನೋಡುತ್ತಾಳೆ, ನೋಡಿ ನೋಡಿ ತಡೆಯಲಾಗದೆ ಹೇಳಿಬಿಡುತ್ತಾಳೆ:

"ಸಾಕ ಬಿಡ್ರಿ ಅತ್ತಿ. ಆಕಿಗೆ ಭಾಳ ಹೊತ್ತಾತು."