ಚೊಳಚಗುಡ್ಡಕ್ಕೆ ಮಾತಾಡಿಸಲು ಹೋದದ್ದು

ರೈಲಿಗೆ ಭಾನುವಾರವೆಂಬುದಿಲ್ಲ. ಇಷ್ಟನ್ನು ನಮ್ಮ ದೊಡ್ಡ ಪಾದ್ರಿಗಳಿಗೆ ತಿಳಿಸಿ ಹೇಳುವುದರಲ್ಲೇ ನನ್ನ ಮೊದಲ ವರ್ಷ ಕಳೆದುಹೋಯಿತು. ಅವರು ಬಾಗಲಕೋಟೆಯಲ್ಲಿ ಕೂತುಕೊಂಡು, ಭಾನುವಾರದ ಆರಾಧನೆಗೆ ರೈಲಿನವರು ಯಾಕೆ ಬರುವುದಿಲ್ಲ ಎಂದು ಕೇಳುತ್ತಿದ್ದರು. ‘ಬರಬೇಕಂದ್ರ ಗಾಡಿ ಅಲ್ಲೇ ನಿಂದರಿಸಿ ಬರಬೇಕಾಗತೈತ್ರಿ, ಅಯ್ಯನವರ’ ಎಂದು ನಾನು ಹೇಳುತ್ತಿದ್ದೆ. ಅವರು ನಗುತ್ತಿರಲಿಲ್ಲ. ಒಳ್ಳೆಯವರು, ಕನ್ನಡವನ್ನು ಕಷ್ಟಪಟ್ಟು ಕಲಿತವರು. ಆದರೆ ನಗುವುದನ್ನು ಯಾವ ಭಾಷೆಯಲ್ಲೂ ಕಲಿತಿರಲಿಲ್ಲ.

ನಾನು ಇಳಕಲ್ಲಿನ ನೇಕಾರರ ಮನೆಯವನು. ಅಪ್ಪ ಕ್ರೈಸ್ತನಾದ ಮೇಲೂ ಮಗ್ಗ ಬಿಡಲಿಲ್ಲ. ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕೂಡಿಸುತ್ತ ಅವನು ಗುನುಗುತ್ತಿದ್ದ ಹಾಡುಗಳಷ್ಟೇ ಬದಲಾದವು. ನಾನು ಮಾತ್ರ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ದಿನವಿಡೀ ಸುಮ್ಮನೆ ಕೂರುವ ಪೈಕಿಯವನಲ್ಲ. ಹುನಗುಂದದ ಶಾಲೆಯಲ್ಲಿ ಕೆಲವು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದೆ. ಅಲ್ಲಿ ಶಾಲೆ ನೋಡಲು ಬಂದ ಸಾಹೇಬರೊಬ್ಬರಿಗೆ ಎದುರು ಮಾತಾಡಿದೆನೆಂದು ನನ್ನನ್ನು ತೆಗೆದು ರೈಲುದಾರಿಗೆ ಉಪದೇಶಿಯಾಗಿ ಹಾಕಿದರು. ಶಿಕ್ಷೆ ಕೊಟ್ಟೆವೆಂದು ಅವರು ತಿಳಿದರು. ನಾನು ಬಡ್ತಿಯೆಂದೇ ತಿಳಿದೆ, ಈಗಲೂ ಹಾಗೆಯೇ ತಿಳಿದಿದ್ದೇನೆ.

ಬಾಗಲಕೋಟೆಯಿಂದ ಬಾದಾಮಿಯ ಆಚೆಯವರೆಗೆ ಹಳಿಯ ಮೇಲೆ ದುಡಿಯುತ್ತಿದ್ದ ನಮ್ಮ ಸಭೆಯವರೆಲ್ಲ ನನ್ನ ಪಾಲಿಗೆ ಬಂದರು. ಹಳಿ ರಿಪೇರಿಯ ಗ್ಯಾಂಗಿನವರು, ಗೇಟು ಕಾಯುವವರು, ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವವರು. ಇವರ ಭಾನುವಾರ ಒಮ್ಮೊಮ್ಮೆ ಮಂಗಳವಾರ ಬರುತ್ತಿತ್ತು. ನಾನು ಗಾರ್ಡಿನ ಡಬ್ಬಿಯಲ್ಲಿ ಕೂತು ಹೋಗಿ, ಎಲ್ಲಿ ನಾಲ್ಕು ಜನ ಸಿಕ್ಕರೆ ಅಲ್ಲೇ ಇಳಿದು, ಒಂದು ಗಾಡಿ ಹೋಗಿ ಇನ್ನೊಂದು ಬರುವುದರೊಳಗೆ ಪ್ರಾರ್ಥನೆ ಮುಗಿಸುತ್ತಿದ್ದೆ. ಹೀಗಾಗಿ ಉಪದೇಶ ಚಿಕ್ಕದಾಯಿತು, ಕೇಳುವವರು ಹೆಚ್ಚಾದರು. ತುಳಸಿಗೇರಿಯ ಹನುಮಪ್ಪನಿಗೆ ಶನಿವಾರ ತಪ್ಪದೆ ನಡೆದುಕೊಳ್ಳುತ್ತಿದ್ದ ಗ್ಯಾಂಗಿನ ಮುಕಾದಮನೊಬ್ಬ ನನ್ನ ಪ್ರಾರ್ಥನೆಗೂ ಬಂದು ಕೂರುತ್ತಿದ್ದ. ಯಾಕಪ್ಪಾ ಎಂದು ಕೇಳಿದರೆ, ‘ಎರಡೂ ಕಡಿ ಕೈ ಮುಗದಿರ್ತೇನ್ರಿ. ಹಳಿ ಮ್ಯಾಲ ದುಡಿಯಾಂವ್ನ ಯಾರರೆ ಒಬ್ರು ಕಾಯಬೇಕಲ್ರಿ’ ಎಂದ. ಅವನೊಡನೆ ನಾನು ವಾದಕ್ಕೆ ಇಳಿಯಲಿಲ್ಲ.

ಆ ವರ್ಷ ಬಾದಾಮಿ ಸ್ಟೇಷನ್ನಿನಲ್ಲಿ ಖಡಿಗಾಡಿ ಬೀಡುಬಿಟ್ಟಿತ್ತು. ಗುಡ್ಡದ ಕಲ್ಲು ಒಡೆದು ಮಾಡಿದ ಖಡಿಯನ್ನು ತುಂಬಿಕೊಂಡು ಹೋಗಿ ಹಳಿಯ ಬುಡಕ್ಕೆ ಸುರಿಯುವ ಗಾಡಿ ಅದು. ಅದರ ಡ್ರೈವರ ನಮ್ಮ ಸಭೆಯವನೇ, ಹುಬ್ಬಳ್ಳಿ ಕಡೆಯವನು, ಕಲ್ಲಿದ್ದಲು ಹಾಕುತ್ತ ಹಾಕುತ್ತ ಮೇಲೆ ಬಂದವನು. ಕೆಲಸ ಮುಗಿದ ಮೇಲೆ ಎಂಜಿನ್ನನ್ನು ಎತ್ತಿನ ಬೆನ್ನು ತಟ್ಟಿದ ಹಾಗೆ ತಟ್ಟಿಯೇ ಕೆಳಗಿಳಿಯುತ್ತಿದ್ದ. ಪ್ರಾರ್ಥನೆಯಲ್ಲಿ ನನ್ನ ರಾಗ ತಪ್ಪಿದರೆ ಎಲ್ಲರೆದುರಿಗೆ ಕಿಸಕ್ಕನೆ ನಗುತ್ತಿದ್ದ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದೇ ಆ ನಗುವಿನಿಂದ.

ಒಂದು ಮಧ್ಯಾಹ್ನ ಖಡಿ ತುಂಬಿದ ಆ ಗಾಡಿ ಇಳಿಜಾರಿನಲ್ಲಿ ಬರುತ್ತಿದ್ದಾಗ ಪಕ್ಕದ ಹಳ್ಳಿ ಚೊಳಚಗುಡ್ಡದ ಹುಡುಗನೊಬ್ಬ ಗಾಲಿಗೆ ಸಿಕ್ಕು ಸತ್ತ. ಮೀಸೆ ಆಗಷ್ಟೇ ಮೂಡಿದ್ದ ವಯಸ್ಸು. ಅರಳೆ ಹಿಂಜಿ ಗಾದಿ ಹೊಲಿಯುವ ಪಿಂಜಾರರ ಮನೆಯ ಒಬ್ಬನೇ ಮಗ. ಹೆಗಲ ಮೇಲೆ ಅರಳೆ ಹಿಂಜುವ ದೊಡ್ಡ ಬಿಲ್ಲು ಹೊತ್ತು ಹಳಿ ದಾಟುತ್ತಿದ್ದನಂತೆ. ರೈಲಿನ ಸಾಹೇಬರು ಬಂದರು. ಸೀಟಿ ಊದಿದೆಯಾ, ಬ್ರೇಕು ಹಾಕಿದೆಯಾ ಎಂದು ಡ್ರೈವರನನ್ನು ಕೇಳಿದರು. ಎರಡನ್ನೂ ಮಾಡಿದ್ದನೆಂದು ಗಾರ್ಡನೂ ಹೇಳಿದ. ತಪ್ಪು ಡ್ರೈವರನದಲ್ಲವೆಂದು ತೀರ್ಮಾನವಾಯಿತು.

ಆದರೆ ಡ್ರೈವರ ಅಂದು ಎಂಜಿನ್ನಿನಿಂದ ಇಳಿದವನು ಮತ್ತೆ ಹತ್ತಲಿಲ್ಲ. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಬೇರೆ ಡ್ರೈವರನನ್ನು ಗದಗಿನಿಂದ ಎರವಲು ತರಿಸಿದರು. ಆ ವಾರದೊಳಗೆ ಇವನು ಕೆಲಸಕ್ಕೆ ಬಾರದಿದ್ದರೆ ಹೊಸಬನನ್ನು ಕಾಯಂ ಮಾಡುತ್ತೇವೆ, ಕ್ವಾರ್ಟರ್ಸು ಖಾಲಿ ಮಾಡಬೇಕು ಎಂದು ಹೇಳಿಕಳಿಸಿದರು. ನನ್ನನ್ನು ಹೆದರಿಸಿದ್ದು ಅದಲ್ಲ. ಅವನ ಹೆಂಡತಿ ನೀರಿನ ಕೊಡ ಹೊತ್ತವಳು ಹಾಗೆಯೇ ನಿಂತು ಹೇಳಿದ ಮಾತು.

‘ಗಾಡಿ ಬರೂ ಹೊತ್ತಿಗೆ ಹಳಿ ಕಡಿ ಹೋಗಿ ನಿಂದರ್ತಾರ್ರಿ, ಅಣ್ಣಾರ. ಸುಮ್ನ ಗಾಲಿ ನೋಡ್ತಾರ. ನಾನೂ ಹಿಂದಿಂದ ಹೋಗಿ ಅಂಗಿ ಹಿಡಕೊಂಡು ನಿಂದರ್ತೇನಿ.’

ಎರಡು ಮಕ್ಕಳ ತಾಯಿ ಅವಳು. ಎಷ್ಟು ಗಾಡಿಗೆ ಅಂತ ಅಂಗಿ ಹಿಡಿದು ನಿಂತಾಳು?

ದೊಡ್ಡ ಪಾದ್ರಿಗಳು ಬಾಗಲಕೋಟೆಯಿಂದ ಬಂದು ಅವನ ಪಕ್ಕ ಕೂತು ಕೀರ್ತನೆ ಓದಿದರು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅವನು ಆಮೆನ್ ಎಂದ. ಅಷ್ಟೇ. ಸ್ಟೇಷನ್ ಮಾಸ್ತರರು ಬಸವಣ್ಣನ ವಚನ ಹೇಳಿಕೊಂಡೇ ದಿನ ಶುರು ಮಾಡುವವರು, ಬಹಳ ಸಂಭಾವಿತರು. ಅವರು, ‘ನಿನ್ನ ಕಾಯಕ ನೀ ಮಾಡಿದಿ, ತಪ್ಪೆಲ್ಲೈತಿ?’ ಎಂದು ಬುದ್ಧಿ ಹೇಳಿದರು. ಅದಕ್ಕೂ ತಲೆಯಾಡಿಸಿದ. ನಾನು ನೋಡುತ್ತಲೇ ಇದ್ದೆ. ತಪ್ಪಿಲ್ಲ, ತಪ್ಪಿಲ್ಲ ಎಂದು ಎಲ್ಲರೂ ಅವನ ಕಿವಿಗೆ ಸುರಿಯುತ್ತಿದ್ದರೇ ಹೊರತು, ಅವನ ಬಾಯಿಂದ ಒಂದು ಮಾತನ್ನೂ ಯಾರೂ ಹೊರತೆಗೆದಿರಲಿಲ್ಲ.

ನಮ್ಮ ಕಡೆ ಇದಕ್ಕೊಂದು ಪದ್ಧತಿಯಿದೆ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನೆಂಟರು, ಓಣಿಯವರು ರೊಟ್ಟಿಯ ಬುತ್ತಿ ಕಟ್ಟಿಕೊಂಡು ‘ಮಾತಾಡಿಸಲು’ ಹೋಗುತ್ತಾರೆ. ಹೆಸರೇ ಹೇಳುವಂತೆ, ದುಃಖದಲ್ಲಿರುವವರ ಬಾಯಿ ಬಿಡಿಸುವುದು, ಬಿಡಿಸಿ ಒಂದು ತುತ್ತು ತಿನ್ನಿಸಿಯೇ ಏಳುವುದು. ಹಿಂದುಗಳು, ಮುಸಲ್ಮಾನರು, ನಾವು, ಎಲ್ಲರೂ ಹೋಗುತ್ತೇವೆ. ಇಳಕಲ್ಲಿನಲ್ಲಿ ನಮ್ಮ ಮನೆಯವರು ದೇವರನ್ನು ಬದಲಿಸಿದರೂ ಇದನ್ನು ಬದಲಿಸಲಿಲ್ಲ. ಹಾಗಾದರೆ ಈ ಡ್ರೈವರನೂ ಮಾತಾಡಿಸಲು ಹೋಗಬೇಕು. ನನಗೆ ಇದರಲ್ಲಿ ಎಳ್ಳಷ್ಟೂ ಅನುಮಾನ ಬರಲಿಲ್ಲ.

ಪಾದ್ರಿಗಳಿಗೆ ಬಂತು. ‘ಹೋದರೆ ತಪ್ಪು ಒಪ್ಪಿಕೊಂಡಂತೆ ಆಗುತ್ತದೆ. ಊರವರು ಹೊಡೆದರೆ?’ ಎಂದರು.

‘ಮಾತಾಡಸಾಕ ಹೋದವರನ್ನ ನಮ್ಮ ಕಡಿ ಯಾರೂ ಹೊಡಿಯೂದಿಲ್ರಿ, ಅಯ್ಯನವರ. ಹೊಡದ್ರ ಮೊದಲನೇ ಏಟು ನನಗ ಬೀಳ್ಲಿ’ ಎಂದೆ.

ಡ್ರೈವರನನ್ನು ಒಪ್ಪಿಸುವುದೇ ಕಷ್ಟವಾಯಿತು. ‘ಕೊಂದಾಂವ ಮಾತಾಡಸಾಕ ಹೋಗ್ತಾನೇನ್ರಿ?’ ಎಂದು ಕೇಳಿದ. ಅಷ್ಟು ದಿನಗಳಲ್ಲಿ ಅವನಾಡಿದ ಉದ್ದನೆಯ ಮಾತು ಅದೇ.

‘ತಮ್ಮಾ, ಆ ಹುಡುಗ ಸಾಯೂ ಹೊತ್ತಿನ್ಯಾಗ ಅವನ ಹತ್ರ ಇದ್ದಾಂವ ನೀ ಒಬ್ಬನ. ನೀ ಹೋಗದಿದ್ರ ಇನ್ಯಾರು ಹೋಗಬೇಕು? ಎದ್ದು ಮಾರಿ ತೊಳಕೋ’ ಎಂದು ಗದರಿದೆ. ಅವನ ಹೆಂಡತಿ ಜೋಳದ ರೊಟ್ಟಿ ಬಡಿದು, ಪುಂಡಿಪಲ್ಯ, ಶೇಂಗಾ ಹಿಂಡಿ ಇಟ್ಟು ಬುತ್ತಿ ಕಟ್ಟಿದಳು. ನಾವಿಬ್ಬರೂ ನಡೆದೆವು. ದಾರಿಯುದ್ದಕ್ಕೂ ನಾನೇ ಮಾತಾಡಿದೆ. ಕೆರೂರಿನ ಸಂತೆ, ಹತ್ತಿಯ ಬೆಳೆ, ಬಾಯಿಗೆ ಬಂದದ್ದೆಲ್ಲ. ಬುತ್ತಿಯನ್ನು ಮಾತ್ರ ಅವನ ಕೈಯಲ್ಲೇ ಕೊಟ್ಟಿದ್ದೆ.

ಓಣಿಯ ಬಾಯಿಗೆ ಬಂದಾಗ ಕಟ್ಟೆಯ ಮೇಲಿದ್ದ ಗಂಡಸರು ಎದ್ದು ನಿಂತರು. ‘ಅಂವ ಡ್ರೈವರ ಅಲ್ಲೇನಲೇ?’ ಎಂದನೊಬ್ಬ.

‘ಹೌದು, ಡ್ರೈವರನ. ಮಾತಾಡಸಾಕ ಬಂದಾನ. ಮನಿ ಯಾವದು ತೋರಸ್ರಿ’ ಎಂದು ನಾನು ಗಂಟಲೆತ್ತಿ ಹೇಳಿದೆ. ಅವರು ನನ್ನನ್ನು ನೋಡಿದರು, ಅವನ ಕೈಯಲ್ಲಿದ್ದ ಬುತ್ತಿಯನ್ನು ನೋಡಿದರು. ಅವರಲ್ಲೊಬ್ಬ ಮುಂದೆ ನಡೆದು ಮನೆ ತೋರಿಸಿದ.

ಸತ್ತ ಹುಡುಗನ ಮುದಿ ತಂದೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಮೂರನೆಯ ದಿನದ ಜಿಯಾರತದ ಪ್ರಾರ್ಥನೆ ಮುಗಿದು ಬಂದವರೆಲ್ಲ ಹೋಗಿದ್ದರು. ಪಕ್ಕದಲ್ಲಿ ಯಾರೋ ತಂದಿಟ್ಟಿದ್ದ ಊಟ ಮುಚ್ಚಿಟ್ಟ ಹಾಗೇ ಇತ್ತು. ಒಳಮನೆಯ ಪರದೆಯ ಹಿಂದೆ ಹೆಂಗಸರಿದ್ದರು, ಆದರೆ ಅಳುವ ಸದ್ದಿರಲಿಲ್ಲ. ಅಳದ ಸಾವಿನ ಮನೆಯನ್ನು ನಾನು ಮೊದಲು ನೋಡಿರಲಿಲ್ಲ. ಅದು ನನಗೆ ಸರಿ ಕಾಣಲಿಲ್ಲ.

ನಾವು ಯಾರೆಂದು ನಾನು ಹೇಳಿದೆ. ಅವನು ನನ್ನ ಕಡೆ ನೋಡಲೇ ಇಲ್ಲ.

‘ಎಂಜಿನ್ನದಾಗ ನೀನ ಇದ್ದಿ?’ ಎಂದು ಡ್ರೈವರನನ್ನು ಕೇಳಿದ.

‘ಹೂನ್ರಿ, ಕಾಕಾ.’

‘ನನ್ನ ಮಗನ್ನ ನೋಡಿದಿ?’

‘ನೋಡಿದ್ನಿರಿ.’

‘ಹಂಗಾದ್ರ ಒಂದ ಮಾತು ಖರೆ ಹೇಳು. ಅಂವ ತಾನ ಬಂದು ಬಿದ್ನೇನು?’

ನಮ್ಮ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಓಣಿಯವರು ತಲೆ ತಗ್ಗಿಸಿದರು. ಆಗ ನನಗೆ ಆ ಮನೆಯ ಮೌನ ಅರ್ಥವಾಯಿತು. ಹುಡುಗ ಸೊಲ್ಲಾಪುರದ ಗಿರಣಿಗೆ ಕೆಲಸಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದ; ತಂದೆ ಬೇಡವೆಂದಿದ್ದ; ಆ ಬೆಳಗ್ಗೆ ಜಗಳ ಜೋರಾಗಿ ನಡೆದಿತ್ತು. ಇದನ್ನೆಲ್ಲ ತಂದೆಯೇ ಬಿಡಿಬಿಡಿಯಾಗಿ ಹೇಳಿದ. ‘ಹೋಗಿ ಸಾಯಿ ಅಂದಿದ್ನಿ’ ಎಂದ. ಸೀಟಿಯ ಬಗ್ಗೆ ಕೇಳಿದ್ದರು, ಬ್ರೇಕಿನ ಬಗ್ಗೆ ಕೇಳಿದ್ದರು. ಈ ತಂದೆಗೆ ಬೇಕಾದದ್ದನ್ನು ಯಾವ ಸಾಹೇಬರೂ ಕೇಳಿರಲಿಲ್ಲ. ನನಗೂ ಹೆದರಿಕೆಯಾಯಿತು. ಡ್ರೈವರ ಏನು ಹೇಳುತ್ತಾನೋ ನನಗೇ ಗೊತ್ತಿರಲಿಲ್ಲವಲ್ಲ.

‘ಇಲ್ರಿ, ಕಾಕಾ’ ಎಂದ ಡ್ರೈವರ. ‘ಅಂವ ಹಳಿ ದಾಟಿದ್ನರಿ. ಬಿಲ್ಲು ಹೆಗಲ ಮ್ಯಾಲಿಂದ ಜಾರಿ ಹಳಿಯೊಳಗ ಬಿತ್ತು. ತಗೊಳ್ಳಾಕ ತಿರುಗಿ ಬಂದ. ಅದು ಎಲ್ಲೋ ಸಿಕ್ಕೊಂಡಿತ್ತು, ಜಗ್ಗಾಕತ್ತಿದ್ದ. ನಾ ಸೀಟಿ ಊದೇ ಊದಿದ್ನಿ. ಆಗ ಮಾರಿ ಎತ್ತಿ ನನ್ನ ನೋಡಿದ. ನೋಡಿ...’

ನಾನು ಅವನ ಬೆನ್ನಿಗೆ ಕೈ ಹಚ್ಚಿ, ‘ಹೇಳಪಾ, ಹೇಳು’ ಎಂದೆ.

‘ಕೈ ಎತ್ತಿದ್ನರಿ. ಬಂಡಿ ನಿಂದರಸ್ತಾರಲ್ರಿ, ಹಂಗ. ಒಂದೀಟು ತಡಿ ಅಂತ. ನನಗ ತಡಿ ಅಂದ್ನರಿ ಅಂವ. ನನ್ನ ಕೈಲೆ ತಡಿಯಾಕ ಆಗ್ಲಿಲ್ಲ.’

ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಎತ್ತಿನ ಬಂಡಿ ಬಿಟ್ಟರೆ ಬೇರೆ ಗಾಡಿಯ ರೂಢಿಯಿಲ್ಲದ ಹುಡುಗ, ಕೈ ತೋರಿಸಿದರೆ ನಿಲ್ಲುತ್ತದೆಂದೇ ನಂಬಿ ಕೈ ತೋರಿಸಿದ್ದ. ಆ ನಂಬಿಕೆಯೇ ಇವನ ಎದೆಯ ಮೇಲೆ ಕೂತಿತ್ತು. ತುತ್ತು ಇಳಿಯುವುದೆಲ್ಲಿಂದ? ನನ್ನ ಕಣ್ಣಲ್ಲಿ ನೀರು ಬಂತು. ಇಂಥದ್ದನ್ನು ಕೇಳಿದ ತಂದೆ ಇವನ ಮೇಲೆ ಬೀಳುತ್ತಾನೆಂದು ಎದ್ದು ಅಡ್ಡ ನಿಲ್ಲಲೂ ಸಿದ್ಧನಾದೆ.

ತಂದೆ ಮುಂದಕ್ಕೆ ಬಾಗಿದ. ‘ಕೈ ಎತ್ತಿದ್ನಾ?’

‘ಎತ್ತಿದ್ನರಿ.’

‘ತಡಿ ಅಂದ್ನಾ?’

‘ಅಂದ್ನರಿ, ಕಾಕಾ.’

‘ಹೆಂಗ ಎತ್ತಿದ, ಎತ್ತಿ ತೋರ್ಸು.’

ಡ್ರೈವರ ಬಲಗೈ ಎತ್ತಿ ತೋರಿಸಿದ. ಮುದುಕ ಆ ಕೈಯನ್ನು ನೋಡಿದ, ಮತ್ತೆ ನೋಡಿದ. ಆಮೇಲೆ ಪರದೆಯ ಕಡೆ ತಿರುಗಿ ಇಡೀ ಓಣಿಗೆ ಕೇಳುವಂತೆ ಕೂಗಿದ: ‘ಕೇಳಿದೇನ? ನಮ್ಮ ಹುಡುಗ ತಾನ ಸತ್ತಿಲ್ಲ. ತಡಿ ಅಂದಾನಂತ! ಗಾಡಿಗೆ ತಡಿ ಅಂದಾನಂತ!’

ಒಳಗೆ ತಾಯಿಯ ಅಳು ಒಡೆಯಿತು. ಅದರ ಹಿಂದೆಯೇ ಉಳಿದ ಹೆಂಗಸರದೂ. ಬಾಗಿಲಲ್ಲಿದ್ದವರೂ ಕಣ್ಣೊರೆಸಿಕೊಂಡರು. ಡ್ರೈವರ ಕೂತಲ್ಲೇ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ನಾನು ತಡೆಯಲಿಲ್ಲ. ಅತ್ತು ಮುಗಿಯಲೆಂದು ಕಾದೆ. ಪ್ರಾರ್ಥನೆ ಮಾಡಲೂ ಇಲ್ಲ. ಆ ಹೊತ್ತಿಗೆ ದೇವರಿಗೆ ನಾನು ಹೊಸದಾಗಿ ಹೇಳುವಂಥದ್ದು ಏನೂ ಉಳಿದಿರಲಿಲ್ಲ.

ಆಮೇಲೆ ಬುತ್ತಿ ಬಿಚ್ಚಿದೆ. ಡ್ರೈವರ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಮುದುಕನ ಮುಂದೆ ಹಿಡಿದ. ಮುದುಕ ಅದನ್ನು ತೆಗೆದುಕೊಂಡು ಅರ್ಧ ಮಾಡಿದ. ‘ನೀನೂ ಉಂಡಿಲ್ಲಂತ ಮಾರೀನ ಹೇಳತೈತಿ. ತಿನ್ನು’ ಎಂದು ಅರ್ಧ ಅವನ ಕೈಯಲ್ಲಿಟ್ಟ. ಇಬ್ಬರೂ ತಿಂದರು. ನಿಧಾನವಾಗಿ, ಜಗಿದು ಜಗಿದು, ಮಾತಿಲ್ಲದೆ ತಿಂದರು. ಬುತ್ತಿ ಬರಿದಾಗುವವರೆಗೆ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ.

ಕೈ ತೊಳೆದುಕೊಂಡ ಮೇಲೆ ಮುದುಕ ಕೇಳಿದ: ‘ಈಗ ಗಾಡಿ ಯಾರು ಹೊಡಿಯಾಕತ್ತಾರ?’

‘ಗದಗದಾಂವ ಒಬ್ಬ ಬಂದಾನ್ರಿ. ಅವನ್ನ ಇಟ್ಕೋತಾರ. ನಾ ಬಿಟ್ಟೇನಿ’ ಎಂದ ಡ್ರೈವರ.

ಮುದುಕ ತಲೆ ಅಲ್ಲಾಡಿಸಿದ.

‘ನನ್ನ ಮಗಾ ಎಲ್ಲಿ ಕೈ ಎತ್ತಿದ್ನಂತ ಅವನಿಗೇನು ಗೊತ್ತು? ನೀನ ಹೊಡಿ.’

ಮರುದಿನ ಖಡಿಗಾಡಿಯನ್ನು ಅವನೇ ಹೊಡೆದ.