ರೋಗಿ ನೋಡಲು ಹೋದವಳು ತಂದ ಹತ್ತೊಂಬತ್ತು ನಮೂನೆ

ಕುರಾಮೊಚಿ ಶಿಜುಎ ಅಸಾಗಿರಿ ಪಟ್ಟಣದ ಆರೋಗ್ಯ ದಾದಿ. ಇಪ್ಪತ್ತೊಂಬತ್ತು ವರ್ಷ ಸೈಕಲ್ ತುಳಿದು ಮನೆಮನೆ ಸುತ್ತಿದವಳು. ತಾಯಂದಿರು ಗಂಡನಿಗೆ ಹೇಳದ್ದನ್ನೂ ಅವಳಿಗೆ ಹೇಳುತ್ತಿದ್ದರು. ಅವಳ ಕೆಲಸ ನಡೆಯುತ್ತಿದ್ದದ್ದೇ ಆ ನಂಬಿಕೆಯಿಂದ.

ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಹಾಕಿಸಿಕೊಂಡ ಕೆಲವು ಹುಡುಗಿಯರಿಗೆ ಮೈಕೈ ನೋವು, ತಲೆಸುತ್ತು ಶುರುವಾಗಿದೆಯೆಂದು ದೇಶದಲ್ಲೆಲ್ಲ ಗದ್ದಲವೆದ್ದಿತ್ತು. ನಿಜ ತಿಳಿಯಲು ಪಟ್ಟಣದ ಕಚೇರಿ, ಲಸಿಕೆ ಹಾಕಿಸಿಕೊಂಡವರು ಮತ್ತು ಹಾಕಿಸಿಕೊಳ್ಳದವರು ಸೇರಿ ಆರುನೂರು ಹುಡುಗಿಯರ ಮನೆಗೆ ಪ್ರಶ್ನೆಗಳ ನಮೂನೆ ಕಳಿಸಿತು. ಅರ್ಧ ಕೂಡ ವಾಪಸು ಬರಲಿಲ್ಲ. ಬಂದವನ್ನು ಇಟ್ಟುಕೊಂಡು ಪ್ರೊಫೆಸರ್ ಒನೊದೆರಾ ವೈದ್ಯಕೀಯ ನಿಯತಕಾಲಿಕದಲ್ಲಿ ಲೇಖನ ಬರೆದರು: ಲಸಿಕೆ ಹಾಕಿಸಿಕೊಂಡವರಲ್ಲಿ ನೋವು ಮೂರು ಪಟ್ಟು ಹೆಚ್ಚು.

ಶಿಜುಎ ಮನೆಯ ಪಕ್ಕದ ಬೀದಿಯ ಮಿನೆಗಿಶಿ ತೊಮೊಕೊಗೆ ಅದು ಬರೀ ಲೇಖನವಾಗಿರಲಿಲ್ಲ. ಲಸಿಕೆ ಹಾಕಿಸಿಕೊಂಡ ಮೇಲೆ ನೋವು ಶುರುವಾಗಿ ಅವಳ ಮಗಳು ಹಾರುನಾ ಒಂದೂವರೆ ವರ್ಷದಿಂದ ಶಾಲೆಗೆ ಹೋಗಿರಲಿಲ್ಲ. ಮೂವರು ವೈದ್ಯರು "ಎಲ್ಲ ಮನಸ್ಸಿನದು" ಎಂದು ಕಳಿಸಿದ್ದರು. ತೊಮೊಕೊ ಲೇಖನವನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ನಾಲ್ಕನೆಯ ವೈದ್ಯರ ಮುಂದೆ ಹಿಡಿದಿದ್ದಳು. ಅವರು ಮೊದಲ ಸಲ ಮಗಳ ಮಾತನ್ನು ಪೂರ್ತಿ ಕೇಳಿದ್ದರು.

ಜೂನ್‌ನಲ್ಲಿ ಮಾಧ್ಯಮಿಕ ಶಾಲೆಯ ತಪಾಸಣೆಗೆ ಹೋದಾಗ, ಕ್ಷೌರದಂಗಡಿಯವರ ಮಗಳು ಮಿಜುಹೊ ಗೋಡೆ ಹಿಡಿದು ಮೆಟ್ಟಿಲಿಳಿಯುವುದನ್ನು ಶಿಜುಎ ಕಂಡಳು.

"ಏನಾಯ್ತೇ?"

"ಮಂಡಿ ನೋವು. ಎರಡು ವರ್ಷ ಆಯ್ತು."

"ನಮೂನೆಯಲ್ಲಿ ಬರೆದಿದ್ಯಾ?"

"ಅದು ಸೂಜಿ ಹಾಕಿಸ್ಕೊಂಡೋರಿಗೆ ಅಲ್ವಾ? ನಂಗೆ ಹಾಕ್ಸೇ ಇಲ್ಲ. ಅಮ್ಮ ಅದರ ಹಿಂದುಗಡೆ ಸಾಮಾನಿನ ಪಟ್ಟಿ ಬರೆದ್ರು."

ಶಿಜುಎ ಕಚೇರಿಗೆ ಬಂದು ಕಪಾಟು ತೆಗೆದಳು. ಹಿಂದಿನ ಚಳಿಗಾಲದಲ್ಲಿ ಅವಳು, ಲಸಿಕೆಯ ನಂತರ ಕಾಯಿಲೆಯೆಂದು ಕಚೇರಿಗೆ ದೂರು ಕೊಟ್ಟಿದ್ದ ಮನೆಗಳಿಗೆ ರೋಗಿ ನೋಡಲು ಹೋಗಿದ್ದಳು. ಆ ಊರಲ್ಲಿ ಕಾಯಿಲೆಯವರ ಮನೆಗೆ ಹೋಗದಿದ್ದರೆ ಮುಖ ತೋರಿಸುವಂತಿಲ್ಲ, ಬರಿಗೈಯಲ್ಲೂ ಹೋಗುವಂತಿಲ್ಲ. ಹಣ್ಣು ಒಯ್ದಳು, ಹೋದವಳು ತುಂಬದೆ ಬಿದ್ದಿದ್ದ ನಮೂನೆಗಳನ್ನು ಅಲ್ಲೇ ಕೂತು ತುಂಬಿಸಿಕೊಂಡು ಬಂದಳು. ಹತ್ತೊಂಬತ್ತು. ಅಂಚೆಯಲ್ಲಿ ಬಂದವುಗಳ ಜೊತೆ ಸೇರಿಸಿಟ್ಟಳು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಲಸಿಕೆ ಹಾಕಿಸದೆ ನೋಯುತ್ತಿದ್ದ ಹುಡುಗಿಯರಿಗೆ ದೂರು ಕೊಡಲು ಕಾರಣವೇ ಇರಲಿಲ್ಲ. ಅವರ ಮನೆಗೆ ಯಾರೂ ಹಣ್ಣು ಒಯ್ಯಲಿಲ್ಲ. ಆ ಹತ್ತೊಂಬತ್ತನ್ನು ತೆಗೆದು ಎಣಿಸಿದಾಗ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ.

ವಿಭಾಗದ ಮುಖ್ಯಸ್ಥ ಹಿರಾಬಾಯಾಶಿ ಕೇಳಿ ತಲೆ ಕೆರೆದುಕೊಂಡ.

"ಇನ್ನೊಂದು ವರ್ಷಕ್ಕೆ ನಿಮಗೆ ಬಡ್ತಿ. ಈಗ ಯಾಕ್ರೀ ಮಲಗಿರೋ ನಾಯಿನ ಎಬ್ಬಿಸ್ತೀರಾ?"

"ನಾಯಿ ಮಲಗಿಲ್ಲ. ಈ ವರ್ಷ ಒಬ್ಬ ತಾಯಿನೂ ಮಗಳಿಗೆ ಲಸಿಕೆ ಹಾಕ್ಸಿಲ್ಲ. ನಾಳೆ ಆ ಹುಡುಗೀರಿಗೆ ಕ್ಯಾನ್ಸರ್ ಬಂದ್ರೆ ಅದಕ್ಕೆ ನನ್ನ ಲೆಕ್ಕವೂ ಕಾರಣ."

"ಪ್ರೊಫೆಸರಿಗೆ ಗುಟ್ಟಾಗಿ ಒಂದು ಕಾಗದ ಬರೀರಿ, ಸಾಕು."

"ತಾಯಂದಿರು ಅದನ್ನ ಪತ್ರಿಕೇಲಿ ಓದ್ಬೇಕಾ? ನಾನೇ ಹೇಳ್ತೀನಿ."

ಸಮುದಾಯ ಭವನದಲ್ಲಿ ನಲವತ್ತು ಜನ ಚಾಪೆಯ ಮೇಲೆ ಕೂತಿದ್ದರು. ಶಿಜುಎ ನಿಂತು, ಹತ್ತೊಂಬತ್ತು ನಮೂನೆ ಎಲ್ಲಿಂದ ಬಂದವೆಂದು ಹೇಳಿದಳು. ಕ್ಷಮೆ ಕೇಳುವಾಗ ಸೊಂಟ ಬಗ್ಗಿಸಿದಳು, ಅಳಲಿಲ್ಲ.

ತೊಮೊಕೊ ಎದ್ದಳು. "ಹಾಗಾದ್ರೆ ನಮ್ಮ ಹಾರುನಾ ಒಂದೂವರೆ ವರ್ಷದಿಂದ ನಾಟಕ ಆಡ್ತಿದ್ದಾಳಾ, ಅಕ್ಕ?"

"ಇಲ್ಲ. ನೋವು ನಿಜ. ಅದು ಲಸಿಕೆಯಿಂದ್ಲೇ ಬಂತು ಅಂತ ಹೇಳೋಕೆ ಈ ಲೆಕ್ಕಕ್ಕೆ ಯೋಗ್ಯತೆ ಇಲ್ಲ. ಅಷ್ಟೇ."

"ನನ್ನ ಹತ್ರ ಇದ್ದಿದ್ದು ಅದೊಂದೇ ಹಾಳೆ. ಅದನ್ನೂ ಕಿತ್ಕೊಂಡ್ರಿ."

"ಹೌದು, ಕಿತ್ಕೊಂಡೆ," ಎಂದಳು ಶಿಜುಎ.

ಒನೊದೆರಾ ಲೇಖನವನ್ನು ಹಿಂದಕ್ಕೆ ಪಡೆದರು. ಬಡ್ತಿ ಬರಲಿಲ್ಲ. ಲಸಿಕೆಗೆ ಜನರೇನೂ ಕೂಡಲೇ ಮುಗಿಬೀಳಲಿಲ್ಲ. ಆ ವರ್ಷ ಬಂದವರು ಇಬ್ಬರೇ. ಶಿಜುಎ ಉತ್ತರಿಸದ ಮುನ್ನೂರಕ್ಕೂ ಹೆಚ್ಚು ಮನೆಗಳ ಬಾಗಿಲನ್ನೂ ತಟ್ಟಿ ನಮೂನೆ ತುಂಬಿಸಿದಳು. ಕೆಲವರು ಮನೆಯಲ್ಲಿದ್ದೂ ಬಾಗಿಲು ತೆರೆಯಲಿಲ್ಲ. ಅಲ್ಲಿಗೆ ನಾಲ್ಕೈದು ಸಲ ಹೋದಳು.

ಹಾರುನಾಳನ್ನು ನಾಲ್ಕನೆಯ ವೈದ್ಯರು ಕೈಬಿಡಲಿಲ್ಲ. ಶಿಜುಎಗೆ ಅದು ತಿಳಿದದ್ದು ಬೇರೆಯವರಿಂದ. ತೊಮೊಕೊ ಎದುರು ಸಿಕ್ಕರೆ ಹವೆಯ ಬಗ್ಗೆ ಎರಡು ಮಾತಾಡಿ ಮುಂದೆ ಹೋಗುತ್ತಾಳೆ.